ಬಿಜಾಪುರ ನೋಡೋದಾದ್ರೆ ಗೋಲಗುಮ್ಮಟದಿಂದ ಶುರು ಮಾಡ್ಬೇಡಿ

ಎಲ್ರೂ ಬಸ್ ಇಳಿದು ಸೀದಾ ಗೋಲಗುಮ್ಮಟಕ್ಕೆ ಹೋಗ್ತಾರೆ, ಮೇಲೆ ಹತ್ತಿ ಕೂಗಾಡಿ ಸೆಲ್ಫಿ ತಗೊಂಡು ಊರು ಮುಗೀತು ಅಂತ ವಾಪಸ್. ಹೊರಗಿಂದ ಬಂದ ಗುಮ್ಮಟ, ಕಮಾನು, ಅರಬ್ಬಿ ಬರಹ ಎಲ್ಲಾ ಇಲ್ಲಿನ ಕಲ್ಲುಕುಟಿಗರ ಕೈಗೆ ಸಿಕ್ಕಿ ಹೆಂಗೆ ಬದಲಾಯ್ತು ಅಂತ ನೋಡ್ಬೇಕಾ, ಹಂಗಾದ್ರೆ ಆರ್ಡರ್ ಉಲ್ಟಾ ಮಾಡಿ.

ಮೊದ್ಲು ಅರಕಿಲ್ಲಾ (ಊರೊಳಗಿನ ಒಳಕೋಟೆ) ಒಳಗಿನ ಕರೀಮುದ್ದೀನ್ ಮಸೀದಿ. 1320ರದ್ದು, ಆಮೇಲೆ ಇಲ್ಲಿ ಆಳಿದ ಸುಲ್ತಾನರ ಮನೆತನ ಆದಿಲ್‌ಶಾಹಿ ಶುರುವಾಗಿದ್ದೇ 1490ರಲ್ಲಿ. ಒಳಗೆ ನಿಂತಿರೋದೆಲ್ಲಾ ಹಳೇ ಗುಡಿಗಳಿಂದ ತಂದ ಕಂಬಗಳು, ಮೊದ್ಲಿನ ಕಾಲದ ಬೆರಕೆ ಅಂದ್ರೆ ಇದೇ, ಅದ್ರಲ್ಲಿ ಸೌಹಾರ್ದ ಹುಡುಕೋಕೆ ಹೋಗ್ಬೇಡಿ. ಆಮೇಲೆ ಜಾಮಿಯಾ ಮಸೀದಿ, ತಾಳಿಕೋಟೆ ಯುದ್ಧ (1565) ಆದ್ಮೇಲೆ ಒಂದನೇ ಅಲಿ ಆದಿಲ್‌ಶಾ ಕಟ್ಟಿಸಿದ್ದು. ಇಲ್ಲಿ ಈಗ್ಲೂ ನಮಾಜ್ ನಡೆಯುತ್ತೆ, ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ.

ಮೆಹತರ್ ಮಹಲ್ ಬಿಡ್ಬೇಡಿ. ಹೆಸರು ಮಹಲ್ ಅಂತಿದ್ರೂ ಅದು ಒಂದು ಮಸೀದಿಯ ಹೆಬ್ಬಾಗಿಲು ಅಷ್ಟೇ. ಬಾಲ್ಕನಿ ಕೆಳಗೆ ನಿಂತು ಕತ್ತೆತ್ತಿ ನೋಡಿ, ಆಸರೆ ಕೊಟ್ಟಿರೋ ಕಲ್ಲುಗಳನ್ನ ಬಡಗಿ ಮರ ಕೆತ್ತಿದ ಹಂಗೆ ಕೆತ್ತಿದಾರೆ.

ಜಾಸ್ತಿ ಟೈಮ್ ಇಬ್ರಾಹಿಂ ರೋಜಾಕ್ಕೆ ಇಟ್ಕೊಳ್ಳಿ, ರೋಜಾ ಅಂದ್ರೆ ಗೋರಿ ಕಟ್ಟಡ. ಸುಲ್ತಾನ ಎರಡನೇ ಇಬ್ರಾಹಿಂ (ಆಳಿದ್ದು 1580ರಿಂದ 1627) ಬರೆದ ಕಿತಾಬ್-ಎ-ನೌರಸ್ ದಖ್ಖನಿ (ಇಲ್ಲಿನ ಉರ್ದು) ಹಾಡುಗಳ ಪುಸ್ತಕ, ಅದು ಶುರುವಾಗೋದು ಸರಸ್ವತಿ ಸ್ತುತಿಯಿಂದ, ಜನ ಅವನನ್ನ ಜಗದ್ಗುರು ಅಂತಿದ್ರು, ಹಂಗಿದ್ದ ಮನುಷ್ಯನ ಗೋರಿ ಇದು ಅಂತ ತಲೇಲಿ ಇಟ್ಕೊಂಡು ನೋಡಿ. ಸೀದಾ ಒಳಗೆ ನುಗ್ಬೇಡಿ, ಮೊದ್ಲು ಹೊರಗಿನ ಕಂಬಸಾಲಲ್ಲಿ ಒಂದು ಸುತ್ತು ಹಾಕಿ. ಕಿಟಕಿ ಹತ್ರ ಬಂದಾಗ ನಿಲ್ಲಿ. ಜಾಲರಿ ಕೊರೆದು ಅದ್ರ ಮೇಲೆ ಅಕ್ಷರ ಬರ್ದಿಲ್ಲ, ಅರಬ್ಬಿ ಅಕ್ಷರಗಳೇ ಅಲ್ಲಿ ಜಾಲರಿ, ಒಂದಕ್ಕೊಂದು ಹೆಣೆದಿರೋ ಅಕ್ಷರಗಳ ಸಂದಿಯಿಂದಾನೇ ಒಳಗೆ ಬೆಳಕು ಬೀಳೋದು. ಈಗ ಒಳಗೆ ಹೋಗಿ ಅದೇ ಕಿಟಕಿನ ತಿರುಗಿ ನೋಡಿ, ಕಣ್ಣು ಕತ್ತಲೆಗೆ ಹೊಂದ್ಕೊಳ್ಳೋವರ್ಗೂ ಕಾಯಿರಿ. ತಲೆ ಮೇಲಿನ ಚಪ್ಪಟೆ ಕಲ್ಲಿನ ಚಾವಣಿಗೆ ಮಧ್ಯೆ ಒಂದು ಕಂಬಾನೂ ಇಲ್ಲ. ಹೊರಗೆ ಬಂದ್ಮೇಲೆ ಗುಮ್ಮಟದ ಬುಡ ನೋಡಿ, ಸುತ್ತ ಕಮಲದ ದಳ.

ಗೋಲಗುಮ್ಮಟನ ಮಾರನೇ ದಿನಕ್ಕೆ ಇಡಿ, ಗೇಟ್ ತೆಗೆದ ಕೂಡ್ಲೇ ಹೋಗಿ. ಸ್ಕೂಲ್ ಟ್ರಿಪ್ ಬಂತಂದ್ರೆ ಮೇಲೆ ಏನೂ ಕೇಳಲ್ಲ ಬರೀ ಕಿರುಚಾಟ. 1656ರಲ್ಲಿ ತೀರ್ಕೊಂಡ ಮೊಹಮ್ಮದ್ ಆದಿಲ್‌ಶಾನ ಗೋರಿ ಇದು, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಇದ್ರ ಬುಡದಲ್ಲೂ ಅದೇ ಕಮಲದ ದಳ ಇದೆ, ಮೇಲೆ ಹತ್ತಿದಾಗ ಎದುರಿಗೇ ಸಿಗುತ್ತೆ. ಗುಮ್ಮಟದ ಒಳಗೆ ಸುತ್ತಲೂ ಇರೋ ಪಿಸುಗುಡೋ ಗ್ಯಾಲರಿಲಿ ಕೂಗೋದು ವೇಸ್ಟ್, ಗೋಡೆಗೆ ಬಾಯಿ ಹತ್ರ ಇಟ್ಟು ಮೆಲ್ಲಗೆ ಮಾತಾಡಿ, ಎದುರುಗಡೆ ಇರೋವ್ರು ಗೋಡೆಗೆ ಕಿವಿ ಕೊಟ್ರೆ ಸಾಕು.