ಹೊಲ ಹಳದಿ ವಲಯ ಆಗುವಾಗ: ಆಕ್ಷೇಪಣೆ ಹಾಕಿದ ನನ್ನ ಅನುಭವ

ಬೆಳಗಾವಿಯ ವಡಗಾವಿ ದಾಟಿ ಯಳ್ಳೂರ ರಸ್ತೆಗೆ ಬಂದರೆ ಒಂದು ಕಡೆ ಮನೆಗಳು ಮುಗಿದು ಭತ್ತದ ಹೊಲ ಶುರುವಾಗುತ್ತದೆ. ನಮ್ಮ ಬಡಾವಣೆ ಇರುವುದು ಆ ಅಂಚಿನಲ್ಲೇ. ಹಿಂದಿನ ಶಿವಾರವೆಲ್ಲ ಕಪ್ಪು ಮಣ್ಣು. ಮಳೆಗಾಲಕ್ಕೆ ಭತ್ತ, ಕೊಯ್ಲಾದ ಮೇಲೆ ಅದೇ ಹಸಿಯಲ್ಲಿ ಮಸೂರ, ಕಡಲೆ, ವಟಾಣಿ. ಬಳ್ಳಾರಿ ನಾಲಾ ಈ ಭಾಗದ ಹೊಲಗಳ ಮಧ್ಯೆ ಹಾದು ಮುಂದೆ ಮಾರ್ಕಂಡೇಯ ನದಿ ಸೇರುತ್ತದೆ. ಮಳೆ ಜೋರಾದರೆ ನಾಲಾ ಉಕ್ಕುತ್ತದೆ, ನೀರು ಹೊಲದಲ್ಲಿ ನಿಲ್ಲುತ್ತದೆ.

ಇದೇ ಶಿವಾರದ ಒಂದಷ್ಟು ಎಕರೆಯನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ (ನಕ್ಷೆಯಲ್ಲಿ ಅದರ ಬಣ್ಣ ಹಳದಿ), ರಸ್ತೆ ಕಡೆಯ ಪಟ್ಟಿಯನ್ನು ವಾಣಿಜ್ಯಕ್ಕೆ ಬದಲಿಸಿ ಕೊಡಿ ಎಂದು ಒಬ್ಬ ಡೆವಲಪರ್ ಅರ್ಜಿ ಹಾಕಿದ್ದರು. ನಾವು ನಿವಾಸಿಗಳು ಆಕ್ಷೇಪಣೆ ಹಾಕಿದೆವು. ಕೇಳಿದ್ದರಲ್ಲಿ ಒಂದಷ್ಟು ಸಿಕ್ಕಿತು, ಒಂದಷ್ಟು ಸಿಗಲಿಲ್ಲ. ಈಗ ಕಣಬರಗಿ ಕಡೆಯವರು, ಮಚ್ಛೆ ಕಡೆಯವರು ಫೋನ್ ಮಾಡಿ ‘ನೀವು ಏನು ಬರೆದು ಕೊಟ್ಟಿರಿ, ಒಂದು ಕಾಪಿ ಕೊಡಿ’ ಅಂತ ಕೇಳುತ್ತಾರೆ. ಕಾಪಿ ಕೊಡಬಹುದು. ಆದರೆ ಅವರ ಜಾಗದ ಕತೆ ಬೇರೆ ಇರುತ್ತದೆ ಅಲ್ವಾ? ಅದಕ್ಕೇ ನಾವು ಹೇಗೆ ಮಾಡಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ.

ಇಂಥ ವಿಷಯದಲ್ಲಿ ಜನ ಎರಡು ಕೆಲಸಗಳನ್ನು ಒಂದೇ ಅಂದುಕೊಳ್ಳುತ್ತಾರೆ. ಹೊಲವನ್ನು ಎನ್‌ಎ, ಅಂದರೆ ಕೃಷಿಯೇತರ ಜಾಗ ಮಾಡಿಸುವುದು, ನಮ್ಮ ಕಡೆ ಹಿರಿಯರು ಬಿನ್‌ಶೇತಕಿ ಅನ್ನುತ್ತಾರಲ್ಲ, ಅದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ ಡಿಸಿ ಕಚೇರಿಯಲ್ಲಿ ಆಗುವ ಕೆಲಸ. ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ತೋರಿಸುವ ಮಾಸ್ಟರ್ ಪ್ಲಾನ್‌ನಲ್ಲಿ ವಲಯ ಬದಲಿಸುವುದು ಬೇರೆ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಕೆಳಗೆ, ಯೋಜನಾ ಪ್ರಾಧಿಕಾರದ ಮೂಲಕ, ಸರ್ಕಾರದ ಒಪ್ಪಿಗೆಯಿಂದ ಆಗಬೇಕು. ನಮ್ಮಂಥವರಿಗೆ ಬಾಯಿ ಇರುವುದು ಈ ಎರಡನೆಯದರಲ್ಲಿ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ 15 ದಿನಕ್ಕಿಂತ ಕಡಿಮೆ ಇಲ್ಲದ ಅವಧಿ ಕೊಡಬೇಕು ಎಂದು ಆ ಕಲಂನಲ್ಲೇ ಇದೆ. ಎನ್‌ಎ ಹಂತಕ್ಕೆ ಬಂದ ಮೇಲೆ ಕೂಗಾಡಿದರೆ ‘ಮಾಸ್ಟರ್ ಪ್ಲಾನ್‌ನಲ್ಲಿ ವಸತಿ ಅಂತಲೇ ಇದೆಯಲ್ಲ’ ಅನ್ನುತ್ತಾರೆ. ಅವರು ಹೇಳುವುದೂ ಸರಿಯೇ.

15 ದಿನ ಕೇಳಲಿಕ್ಕೆ ಜಾಸ್ತಿ ಅನಿಸುತ್ತದೆ. ನೋಟಿಸ್ ಇರುವುದು ಪತ್ರಿಕೆಯ ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಬರೀ ರಿ.ಸ. (ರೀಸರ್ವೆ) ನಂಬರ್ ಮತ್ತು ಎಕರೆ-ಗುಂಟೆ ಲೆಕ್ಕದಲ್ಲಿ. ನಮ್ಮ ಓಣಿಯ ಹೆಸರು ಅದರಲ್ಲಿ ಇರುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ ಅಂದರೆ ಉತ್ತರಕ್ಕೆ 30 ದಿನ, ಅಷ್ಟೊತ್ತಿಗೆ ಅವಧಿ ಮುಗಿದಿರುತ್ತದೆ. ನಮ್ಮನ್ನು ಉಳಿಸಿದ್ದು ಒಂದು ಹಳೆಯ ಪಟ್ಟಿ. ಬಡಾವಣೆ ಸುತ್ತಲಿನ ಎಲ್ಲ ಸರ್ವೆ ನಂಬರುಗಳನ್ನು ದಿಶಾಂಕ್ ಆ್ಯಪ್ ಹಿಡಿದು ನಡೆದು ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದು ಇಟ್ಟಿದ್ದೆ. ಹೊಲದ ಬದುವಿನಲ್ಲಿ ನಿಂತರೆ ಆ ಜಾಗದ ಸರ್ವೆ ನಂಬರನ್ನು ಆ್ಯಪ್ ತೋರಿಸುತ್ತದೆ. ಪತ್ರಿಕೆಯಲ್ಲಿ ನಂಬರ್ ಕಂಡ ದಿನವೇ ಗೊತ್ತಾಯಿತು, ಇದು ನಮ್ಮ ಹಿಂದಿನದೇ. ಊರ ಅಂಚಿನಲ್ಲಿ ಮನೆ ಇರುವವರೆಲ್ಲ ಈ ಪಟ್ಟಿಯನ್ನು ಇವತ್ತೇ ಮಾಡಿ ಇಟ್ಟುಕೊಳ್ಳಿ.

ಆಮೇಲೆ ಡೆವಲಪರ್ ಕಡೆಯವರು ನಮ್ಮ ಸಮುದಾಯ ಭವನಕ್ಕೆ ಬಂದು ಒಂದು ಚಿತ್ರ ತೋರಿಸಿದರು. ಸಾಲು ಮನೆ, ಮಧ್ಯೆ ಹುಲ್ಲು, ಮಕ್ಕಳ ಜಾರುಬಂಡಿ, ಮುಂದೆ ಒಂದು ಸಣ್ಣ ಕಿರಾಣಿ ಅಂಗಡಿ, ಒಂದು ದವಾಖಾನೆ. ಅರ್ಧ ಜನ ಅಲ್ಲೇ ಒಪ್ಪಿಬಿಟ್ಟರು. ಒಪ್ಪುವಂತೆಯೇ ಇತ್ತು ಚಿತ್ರ.

ನಾನು ಡಿಪ್ಲೊಮಾ ಸಿವಿಲ್ ಓದಿದವನು, ಪ್ಲಾನ್ ಮತ್ತು ಎಸ್ಟಿಮೇಟ್ ಮಾಡಿ ಕೊಡುವುದೇ ಹೊಟ್ಟೆಪಾಡು. ಹಾಗಾಗಿ ಆ ಸಭೆಯಲ್ಲಿ ಕೇಳಿದ್ದು ಇಷ್ಟೇ: ‘ಈ ಚಿತ್ರ ನಿಮ್ಮ ಅರ್ಜಿಯ ಭಾಗವೇ?’ ಅಲ್ಲ ಅಂದರು. ವಲಯ ಬದಲಾವಣೆಯಲ್ಲಿ ಚಿತ್ರಕ್ಕೆ ಬೆಲೆ ಇಲ್ಲ. ಬದಲಾಗುವುದು ಆ ಸರ್ವೆ ನಂಬರಿನ ಬಣ್ಣ. ಹಸಿರು ಹೋಗಿ ಹಳದಿ ಆದರೆ ವಸತಿ, ನೀಲಿ ಆದರೆ ವಾಣಿಜ್ಯ. ಬಣ್ಣ ಜಾಗಕ್ಕೆ ಅಂಟಿಕೊಳ್ಳುತ್ತದೆ, ಮಾತು ಕೊಟ್ಟವರಿಗಲ್ಲ. ನಾಳೆ ಅವರು ಬೇರೆಯವರಿಗೆ ಮಾರಿದರೆ, ಹೊಸ ಮಾಲೀಕರು ಆ ಬಣ್ಣದಲ್ಲಿ ನಿಯಮ ಬಿಟ್ಟಷ್ಟನ್ನೂ ಕಟ್ಟಬಹುದು. ಕಿರಾಣಿ ಅಂಗಡಿ ತೋರಿಸಿದ ನೀಲಿ ಪಟ್ಟಿಯಲ್ಲಿ ಕಲ್ಯಾಣ ಮಂಟಪವೂ ಬರಬಹುದು, ಗೋದಾಮೂ ಬರಬಹುದು. ಆದ್ದರಿಂದ ಡೆವಲಪರ್ ಒಳ್ಳೆಯವರೋ ಕೆಟ್ಟವರೋ ಅನ್ನುವ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿದೆವು. ಆ ಬಣ್ಣದಲ್ಲಿ ಏನೇನು ಬರಬಹುದೋ ಅದನ್ನೆಲ್ಲ ವಲಯ ನಿಯಮಾವಳಿಯಿಂದ ಬರೆದು ತೆಗೆದು, ಕನ್ನಡದಲ್ಲೂ ಮರಾಠಿಯಲ್ಲೂ ಓಣಿಯ ಜನರಿಗೆ ಓದಿ ಹೇಳಿದೆವು. ಚರ್ಚೆಯ ದಾರಿ ಅವತ್ತೇ ಬದಲಾಯಿತು.

ಆದರೆ ‘ಬೇಡ’ ಅಂತ ಒಂದೇ ಮಾತಿನಲ್ಲಿ ಹೇಳಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಆ ಹೊಲದ ರೈತ. ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದವರು ಎದ್ದು, ‘ನಿಮಗೆಲ್ಲಾ ಕಿಟಕ್ಯಾಗಿಂದ ಹಸರ ಕಾಣಬೇಕು. ನನ್ನ ಭತ್ತ ವರ್ಷಾ ನೀರಾಗ ಕೊಳೀತೈತಿ, ಅದನ್ನ ಯಾರು ನೋಡ್ತೀರಿ?’ ಅಂದರು. ಯಾರೂ ಮಾತಾಡಲಿಲ್ಲ. ನಮ್ಮ ಬಡಾವಣೆಯೂ ಒಂದು ಕಾಲಕ್ಕೆ ಇಂಥದೇ ಹೊಲ. ನಮ್ಮ ಗಟಾರದ ನೀರು ಕೊನೆಗೆ ಹೋಗಿ ಸೇರುವುದೂ ಅವರ ಕಡೆಗೇ. 2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯಾದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು, ಹಾಗಾಗಿ ಇಂಥ ಅಂಚಿನ ಹೊಲಗಳಿಗೆ ಕೇಳುವವರು ಹೆಚ್ಚಾಗಿದ್ದಾರೆ. ಆ ರೈತರು ಮಾರಬಾರದು ಅನ್ನುವ ಹಕ್ಕು ನಮಗೆ ಯಾರು ಕೊಟ್ಟರು? ಆ ರಾತ್ರಿ ನಾವು ನಾಲ್ಕೈದು ಜನ ಕೂತು, ಆಕ್ಷೇಪಣೆ ಮಾರಾಟದ ವಿರುದ್ಧ ಇರಬಾರದು, ನೀರು, ರಸ್ತೆ, ಪಾರ್ಕ್ ಈ ಮೂರರ ಮೇಲೆ ಮಾತ್ರ ಇರಬೇಕು ಎಂದು ತೀರ್ಮಾನಿಸಿದೆವು. ನನಗೆ ಈಗಲೂ ಅದೇ ಸರಿ ಅನಿಸುತ್ತದೆ.

ನೀರಿನ ವಿಷಯಕ್ಕೆ ನಮ್ಮಲ್ಲಿ ಗಟ್ಟಿ ಪುರಾವೆ ಇತ್ತು. 2019ರ ಆಗಸ್ಟ್ ಮಳೆಯನ್ನು ಬೆಳಗಾವಿಯವರು ಯಾರೂ ಮರೆತಿಲ್ಲ. ನಮ್ಮ ಪಕ್ಕದ ಓಣಿಗಳಲ್ಲಿ ನೇಕಾರರ ಮನೆ ಜಾಸ್ತಿ, ಮುಂದಿನ ಕೋಣೆಯಲ್ಲೇ ಪವರ್‌ಲೂಮ್. ಒಬ್ಬ ಹಿರಿಯ ನೇಕಾರರು ನನ್ನನ್ನು ಒಳಗೆ ಕರೆದು ಮಗ್ಗದ ಕಬ್ಬಿಣದ ಕಾಲು ತೋರಿಸಿದರು. ನೆಲದಿಂದ ಮೊಣಕಾಲೆತ್ತರದವರೆಗೆ ತುಕ್ಕು, ಅದರ ಮೇಲೆ ಗೆರೆ ಎಳೆದಂತೆ ಬಣ್ಣ ಹಾಗೇ ಇದೆ. ಮೋಟಾರು ಸುಟ್ಟಿದ್ದು, ಬೀಮಿನ ನೂಲು ಪೂರ್ತಿ ಹಾಳಾಗಿದ್ದು ಎಲ್ಲ ಹೇಳಿದರು. ಆ ಗೆರೆಯ ಪಕ್ಕ ಟೇಪ್ ಹಿಡಿದು ಫೋಟೊ ತೆಗೆದೆವು. ಹಾಗೇ ಮನೆ ಮನೆಗೆ ಹೋಗಿ, ನೀರು ನಿಂತ ಎತ್ತರ ಅಳೆದು, ಜನರ ಫೋನಿನಲ್ಲಿ ಉಳಿದಿದ್ದ ತಾರೀಖಿನ ಸಮೇತದ ಫೋಟೊ ಸೇರಿಸಿ, ಓಣಿಯ ನಕ್ಷೆಯ ಮೇಲೆ ಗುರುತು ಹಾಕಿದೆವು. ‘ಮಳೆ ಬಂದರೆ ತುಂಬ ತೊಂದರೆ’ ಅಂತ ಬರೆದರೆ ಅಧಿಕಾರಿ ಓದಿ ಪಕ್ಕಕ್ಕೆ ಇಡುತ್ತಾರೆ. ಯಾವ ಮನೆ, ಯಾವ ತಿಂಗಳು, ನೆಲದಿಂದ ಎಷ್ಟು ಅಡಿ ಅಂತ ನಕ್ಷೆಯ ಮೇಲೆ ಇದ್ದರೆ ಅದಕ್ಕೆ ಬರಹದಲ್ಲಿ ಉತ್ತರ ಕೊಡಬೇಕಾಗುತ್ತದೆ.

ಕೆಲಸಕ್ಕೆ ಬಂದ ಇನ್ನೊಂದು ಕಾಗದ ಉತಾರ, ಅಂದರೆ ಹೊಲದ ಪಹಣಿ. ಅದರ ವಿಸ್ತೀರ್ಣದ ಕಾಲಂನಲ್ಲಿ ಫೂಟ್ ಖರಾಬು ಅಂತ ಎರಡು ಸಾಲು ಇರುತ್ತವೆ, ಅ ಮತ್ತು ಬ. ‘ಬ’ ಖರಾಬು ಅಂದರೆ ನಾಲಾ, ದಾರಿ ಇಂಥ ಸಾರ್ವಜನಿಕ ಜಾಗ. ಅದು ಹೊಲದ ಒಳಗಿದ್ದರೂ ಮಾಲೀಕರದ್ದಲ್ಲ. ಅರ್ಜಿಯಲ್ಲಿ ಕೇಳಿದ್ದ ವಿಸ್ತೀರ್ಣವನ್ನೂ ಉತಾರದ ವಿಸ್ತೀರ್ಣವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಎಕರೆಗೆ 40 ಗುಂಟೆ, ಲೆಕ್ಕ ಕಷ್ಟದ್ದೇನಲ್ಲ. ನಾಲಾ ಅಂಚಿನ ‘ಬ’ ಖರಾಬಿನ ಗುಂಟೆಗಳೂ ಅರ್ಜಿಯ ಮೊತ್ತದಲ್ಲಿ ಸೇರಿಕೊಂಡಿದ್ದವು. ಬೇಕೆಂದೇ ಹಾಗೆ ಮಾಡಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಆಕ್ಷೇಪಣೆಯ ಮೊದಲ ಅಂಶ ಅದೇ ಆಯಿತು, ಕೊನೆಯವರೆಗೂ ಅದನ್ನು ಯಾರೂ ಅಲ್ಲಗಳೆಯಲಿಲ್ಲ.

ನಮ್ಮ ಬಡಾವಣೆಯ ರಸ್ತೆಯನ್ನು ನಾವೇ ಅಳೆದೆವು. ದಾಖಲೆಯಲ್ಲಿ 9 ಮೀಟರ್. ಸಂಜೆ ಗಾಡಿಗಳು ಮನೆಗೆ ಬಂದ ಮೇಲೆ ಟೇಪ್ ಹಿಡಿದರೆ ಗಟಾರ, ಕಟ್ಟೆ, ವಿದ್ಯುತ್ ಕಂಬ, ನಿಂತ ಕಾರು ಬಿಟ್ಟು ಎರಡು ಗಾಡಿ ಎದುರುಬದುರು ಬರುವಷ್ಟು ಜಾಗ ಸಿಕ್ಕಿದ್ದು ಕೆಲವೇ ಕಡೆ. ಹೊಸ ಲೇಔಟಿಗೆ ಬರಲು ಇದೊಂದೇ ದಾರಿ ತೋರಿಸಿದ್ದರು. ಅದೂ ತಿರುವಿನಲ್ಲಿ ಸಾಲದೆ ನಮ್ಮ ಪಾರ್ಕಿನ ಒಂದು ಮೂಲೆ ತೆಗೆದುಕೊಳ್ಳುವ ಪ್ರಸ್ತಾಪ ಇತ್ತು.

ಇಲ್ಲಿ ಮಾತ್ರ ನಾವು ಒಂದಿಂಚೂ ಬಿಡಲಿಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 1991ರಲ್ಲಿ ಗೆದ್ದರು. ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ಅದಕ್ಕೆ ಹೆಸರು. ಆಸ್ಪತ್ರೆಗೇ ಪಾರ್ಕ್ ಕೊಡಬಾರದು ಅಂದ ಮೇಲೆ ಲೇಔಟಿನ ದಾರಿಗೆ ಕೊಡಬಹುದೇ? ತೀರ್ಪಿನ ಪ್ರತಿಯನ್ನು ಪೂರ್ತಿ ಲಗತ್ತಿಸಿದೆವು. ಪಾರ್ಕಿನ ಆ ಮೂಲೆಯಲ್ಲಿ ನಮ್ಮ ಹೆಂಗಸರು ನೆಟ್ಟ ಬೇವು, ಹೊಂಗೆ ಇವೆ. ಆದರೆ ಅರ್ಜಿಯಲ್ಲಿ ಮರದ ಬಗ್ಗೆ ಒಂದೇ ಸಾಲು, ಮಂಜೂರಾದ ಹಳೆಯ ಲೇಔಟ್ ನಕ್ಷೆಯ ಬಗ್ಗೆ ಒಂದು ಪುಟ ಬರೆದೆ. ಕಚೇರಿಯಲ್ಲಿ ನಿಲ್ಲುವುದು ನಕ್ಷೆ.

ಮಗ್ಗದ ಸದ್ದಿನ ವಿಷಯ ತಂದವರು ನೇಕಾರರೇ. ‘ನಾಳೆ ಬಂಗಲೆ ಕಟ್ಟಿದವರು ಬಂದು ಖಟಾಖಟ ಸದ್ದು ಅಂತ ನಮ್ಮ ಮ್ಯಾಲೆ ಕಂಪ್ಲೇಂಟ್ ಕೊಟ್ರ?’ ಅಂದರು. ನಮ್ಮಲ್ಲಿ ಯಾರಿಗೂ ಹೊಳೆಯದ ಮಾತು ಅದು. ಮಗ್ಗ ಇರುವ ಪ್ರತಿ ಮನೆಯ ಹೆಸ್ಕಾಂ ವಿದ್ಯುತ್ ಬಿಲ್ಲು ತಂದು, ಮೀಟರಿನ ಆರ್‌ಆರ್ ನಂಬರ್ ಸಮೇತ ಪಟ್ಟಿ ಮಾಡಿ, ‘ಈ ಮಗ್ಗಗಳು ಮೊದಲಿನಿಂದ ಇಲ್ಲಿವೆ, ಇದನ್ನು ಕಡತದಲ್ಲಿ ದಾಖಲಿಸಿಕೊಳ್ಳಬೇಕು’ ಎಂದು ಕೇಳಿದೆವು. ಪಕ್ಕದ ಜಾಗಕ್ಕೆ ವಲಯ ಬದಲಿಸುವಾಗ ಈಗಾಗಲೇ ಇರುವವರ ಕಸುಬನ್ನೂ ನೋಡಬೇಕು ಅಂತ ನಾನು ಪೂರ್ತಿ ಮನಸ್ಸಿನಿಂದ ನಂಬುತ್ತೇನೆ.

ಅರ್ಜಿ ಕೊಡುವ ರೀತಿ ಬಗ್ಗೆ ಒಂದು ಮಾತು. ಒಂದೇ ಅರ್ಜಿಗೆ ನೂರಾರು ಸಹಿ ಹಾಕಿಸುವ ಬದಲು, ಪ್ರತಿ ಮನೆಯವರು ತಮ್ಮ ತಮ್ಮ ಅರ್ಜಿ ಕೊಟ್ಟೆವು. ವಿಷಯ ಒಂದೇ, ಆದರೆ ಅವರವರ ಮನೆಯ ನೀರಿನ ಎತ್ತರ, ಅವರವರ ಮುಂದಿನ ರಸ್ತೆಯ ಅಳತೆ. ಕಚೇರಿಯ ಆವಕದಲ್ಲಿ (ಅರ್ಜಿ ತೆಗೆದುಕೊಳ್ಳುವ ವಿಭಾಗ) ಕೊಟ್ಟು ಸೀಲು, ಸಹಿ, ತಾರೀಖು ಇರುವ ಪ್ರತಿ ಇಸಿದುಕೊಂಡೆವು. ಸೀಲಿಲ್ಲದ ಅರ್ಜಿ ಕೊಟ್ಟರೂ ಕೊಡದಂತೆಯೇ. ‘ಬೇಡ’ ಎಂದು ಬರೆದ ಪ್ರತಿ ಅಂಶದ ಕೆಳಗೆ ‘ಹೀಗೆ ಮಾಡಿದರೆ ಆಗಬಹುದು’ ಎಂದೂ ಬರೆದೆವು: ‘ಬ’ ಖರಾಬು ಬಿಡಿ, ನಾಲಾ ಬದಿಗೆ ಪಾರ್ಕ್ ಬರಲಿ, ದಾರಿ ಇನ್ನೊಂದು ಬದಿಯಿಂದ ತನ್ನಿ, ನೀಲಿ ಪಟ್ಟಿ ಕೈಬಿಡಿ.

ವಿಚಾರಣೆ ದಿನ ಡೆವಲಪರ್ ಕಡೆಯ ವಕೀಲರು ನಾವು ಅಭಿವೃದ್ಧಿ ವಿರೋಧಿಗಳು ಅಂದರು. ಅದಕ್ಕೆ ಉತ್ತರ ಕೊಟ್ಟಿದ್ದು ಆ ರೈತರೇ. ‘ಇವರು ನಾ ಹೊಲಾ ಮಾರಬ್ಯಾಡ ಅಂದಿಲ್ರೀ, ನಾಲಾಕ್ಕ ಜಾಗಾ ಬಿಡ್ರಿ ಅಂದಾರ. ಅದು ಖರೇ ಐತಿ’ ಅಂದರು. ನಮ್ಮ ಎಲ್ಲ ಕಾಗದಗಳಿಗಿಂತ ಆ ಮಾತು ಹೆಚ್ಚು ಕೆಲಸ ಮಾಡಿತು.

ಕೊನೆಗೆ ಡೆವಲಪರ್ ಅರ್ಜಿ ಬದಲಿಸಿ ಕೊಟ್ಟರು. ವಾಣಿಜ್ಯ ಪಟ್ಟಿ ಹೋಯಿತು, ಖರಾಬು ಹೊರಗೆ ಬಂತು, ಪಾರ್ಕಿನ ಮೂಲೆ ಉಳಿಯಿತು. ಉಳಿದ ಜಾಗ ವಸತಿ ವಲಯ ಆಯಿತು. ದಾರಿಯಲ್ಲಿ ಮಾತ್ರ ನಾವು ಸೋತೆವು. ಇನ್ನೊಂದು ಬದಿಯಿಂದ ಒಂದು ದಾರಿ ಬಂದರೂ ನಮ್ಮ ರಸ್ತೆಯೂ ತೆರೆದೇ ಇರುತ್ತದೆ. ಮಗ್ಗಗಳ ಪಟ್ಟಿ ಕಡತ ಸೇರಿದೆ, ಆದರೆ ಆದೇಶದಲ್ಲಿ ಅದರ ಮಾತಿಲ್ಲ. ಇದು ನೇಕಾರರಿಗೆ ಬೇಸರ ತಂದಿದೆ, ನನಗೂ.

ಈಗ ಲೇಔಟ್ ನಕ್ಷೆಯ ಮಂಜೂರಾತಿ ಹಂತ ನಡೆದಿದೆ. ನಾಲಾ ಬದಿಯ ಪಾರ್ಕ್ ನಕ್ಷೆಯಲ್ಲಿ ಕಂಡರೆ ಸಾಲದು, ಪಾರ್ಕ್ ಮತ್ತು ರಸ್ತೆಗಳನ್ನು ನೋಂದಾಯಿತ ಪತ್ರದ ಮೂಲಕ ಸಾರ್ವಜನಿಕರಿಗೆ ಬಿಟ್ಟುಕೊಡಬೇಕು. ಆ ಪತ್ರ ನೋಂದಣಿ ಆಗುವ ಮೊದಲೇ ಸೈಟ್ ಮಾರಾಟದ ಫಲಕ ಬಿದ್ದರೆ ಎಚ್ಚರ ವಹಿಸಬೇಕು ಅಂತ ಓಣಿಯ ಹುಡುಗರಿಗೆ ಹೇಳಿದ್ದೇವೆ. ಮಾಹಿತಿ ಹಕ್ಕಿಗೆ ಇಲ್ಲಿ ಸಮಯ ಇದೆ, ಪತ್ರದ ಪ್ರತಿ ಕೇಳಿ ಅರ್ಜಿ ಹಾಕಿದ್ದೇವೆ. ಬಂದ ಮೇಲೆ ಕಣಬರಗಿಯವರಿಗೂ ಮಚ್ಛೆಯವರಿಗೂ ಅದರ ಜೊತೆಗೇ ನಮ್ಮ ಆಕ್ಷೇಪಣೆಯ ಪ್ರತಿ ಕಳಿಸುತ್ತೇನೆ.