ಮರದ ನೆರಳಲ್ಲಿ ಟ್ರಿಲಿಯಂ ಬೆಳೆಸುವುದು ಹೇಗೆ?

ಮೂರು ಎಲೆ, ಅದರ ಮೇಲೆ ಮೂರೇ ಎಸಳಿನ ಒಂದು ಹೂ. ಟ್ರಿಲಿಯಂ ಅಂದರೆ ಇಷ್ಟೇ. ಆದರೆ ಒಮ್ಮೆ ನೋಡಿದವರು ಮರೆಯುವುದಿಲ್ಲ. ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ವಸಂತದ ಶುರುವಿಗೇ ಅರಳುವ ಗಿಡ ಇದು. ದೊಡ್ಡ ಬಿಳಿ ಹೂವಿನ ಟ್ರಿಲಿಯಂ ಗ್ರ್ಯಾಂಡಿಫ್ಲೋರಂ ಅನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯ 1937ರಲ್ಲಿ ತನ್ನ ಹೂವಾಗಿ ಆರಿಸಿಕೊಂಡಿತು. ಹೊಸದಾಗಿ ಬೆಳೆಸುವವರಿಗೆ ಈ ಜಾತಿಯೇ ಒಳ್ಳೆಯದು. ಇದರ ಬಿಳಿ ಹೂ ಹಳೆಯದಾಗುತ್ತಾ ತಿಳಿಗುಲಾಬಿಗೆ ತಿರುಗುತ್ತದೆ. ಕೆಂಪು ಹೂವಿನ ಎರೆಕ್ಟಂ ಕೂಡ ಚೆಂದವೇ, ಆದರೆ ನೊಣಗಳನ್ನು ಕರೆಯಲು ಅದು ಕೊಳೆತ ಮಾಂಸದ ವಾಸನೆ ಬೀರುತ್ತದೆ. ಕಿಟಕಿ ಪಕ್ಕ ಬೇಡ.

ಒಂದು ಮಾತು ಮೊದಲೇ ಹೇಳಬೇಕು. ಚಳಿಗಾಲ ಚೆನ್ನಾಗಿ ಕೊರೆಯದ ಊರಿನಲ್ಲಿ ಈ ಗಿಡ ಬಾಳುವುದಿಲ್ಲ.

ಜಾಗ

ಚಳಿಗಾಲದಲ್ಲಿ ಎಲೆ ಉದುರಿಸುವ ಮರದ ಬುಡ ಹುಡುಕಿ. ಮರ ಇನ್ನೂ ಬೋಳಾಗಿರುವಾಗ ಬಿಸಿಲು ನೆಲಕ್ಕೆ ಬೀಳುತ್ತದೆ. ಟ್ರಿಲಿಯಂ ಆಗಲೇ ಎದ್ದು, ವರ್ಷದ ಊಟದ ಹೆಚ್ಚಿನ ಪಾಲನ್ನು ಆ ಕೆಲವೇ ವಾರಗಳಲ್ಲಿ ಗೆಡ್ಡೆಗೆ ತುಂಬಿಕೊಳ್ಳುತ್ತದೆ. ಮರ ಚಿಗುರಿದ ಮೇಲೆ ಅದಕ್ಕೆ ತಂಪು ನೆರಳು ಸಾಕು. ವರ್ಷವಿಡೀ ದಟ್ಟ ನೆರಳಿರುವ ಕಡೆ ಹೂ ಬರುವುದು ಕಷ್ಟ.

ಮಣ್ಣಿಗೆ ಚೆನ್ನಾಗಿ ಕಳಿತ ತರಗೆಲೆ ಗೊಬ್ಬರ ಧಾರಾಳವಾಗಿ ಬೆರೆಸಿ. ತೇವ ಇರಬೇಕು, ನೀರು ನಿಲ್ಲಬಾರದು.

ಗಿಡ ಕೊಳ್ಳುವಾಗ

ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಹೂ ಬಿಟ್ಟ ದೊಡ್ಡ ಗಿಡ ತೀರಾ ಅಗ್ಗಕ್ಕೆ ಸಿಕ್ಕರೆ ಅದನ್ನು ಕಾಡಿನಿಂದ ಕಿತ್ತು ತಂದಿರಬಹುದು. ‘ನರ್ಸರಿಯಲ್ಲಿ ಬೆಳೆದದ್ದು’ ಎಂಬ ಮಾತಷ್ಟೇ ಸಾಲದು. ಕಾಡಿನ ಗೆಡ್ಡೆಯನ್ನು ಒಂದು ವರ್ಷ ಕುಂಡದಲ್ಲಿಟ್ಟರೂ ಹಾಗೆ ಹೇಳಬಹುದು ಅಲ್ವಾ? ‘ಬೀಜದಿಂದ ಅಥವಾ ಗೆಡ್ಡೆ ಬಿಡಿಸಿ ನೀವೇ ಸಸಿ ಮಾಡಿದ್ದಾ?’ ಎಂದು ನೇರವಾಗಿ ಕೇಳಿ.

ನೆಡುವುದು

ಗೆಡ್ಡೆ ಮಲಗಿರುವ ಶರತ್ಕಾಲದಲ್ಲಿ ನೆಡಿ. ಮೊಗ್ಗಿನ ತುದಿ ಮೇಲಕ್ಕಿರಲಿ. ಆಳ ಸುಮಾರು 8ರಿಂದ 10 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್. ನೀರು ಹಾಕಿ, ಮೇಲೆ ತರಗೆಲೆ ಹೊದಿಸಿ. ಆಮೇಲೆ ಜಾಗ ಬದಲಿಸಬೇಡಿ, ಬೇರು ಕದಲಿಸಿದರೆ ಇದು ಸೊರಗುತ್ತದೆ.

ಬೇಸಿಗೆ ನಡುವೆ ಎಲೆ ಹಳದಿಯಾಗಿ ಮಾಯವಾದರೆ ಗಾಬರಿ ಬೇಡ. ಗಿಡ ಸತ್ತಿಲ್ಲ, ನೆಲದೊಳಗೆ ನಿದ್ದೆಗೆ ಹೋಗಿದೆ. ಅಲ್ಲೊಂದು ಕಡ್ಡಿ ನೆಟ್ಟಿಡಿ, ಇಲ್ಲದಿದ್ದರೆ ಮರೆತು ಅಗೆದುಬಿಡುತ್ತೀರಿ. ಎಲೆ ಹಸಿರಿರುವಷ್ಟು ದಿನ ಮಣ್ಣು ಒಣಗದಂತೆ ನೋಡಿಕೊಳ್ಳಿ. ಬಸವನಹುಳು ಮತ್ತು ಜಿಂಕೆಗಳಿಗೆ ಈ ಎಲೆ ಬಲು ಇಷ್ಟ. ಜಿಂಕೆ ಬರುವ ಕಡೆ ಬೇಲಿ ಬೇಕೇ ಬೇಕು.

ಹೂದಾನಿಗೆಂದು ಮಾತ್ರ ಕೀಳಬೇಡಿ. ಹೂವಿನ ಕಾಂಡ ಮುರಿದರೆ ಮೂರು ಎಲೆಯೂ ಜೊತೆಗೇ ಬರುತ್ತವೆ. ಆ ವರ್ಷ ಮತ್ತೆ ಎಲೆ ಬರುವುದಿಲ್ಲ. ಊಟವಿಲ್ಲದ ಗೆಡ್ಡೆ ಬಡವಾಗುತ್ತದೆ, ಸಾಯಲೂಬಹುದು.

ಬೀಜದಿಂದ ಬೆಳೆಸುವ ಆಸೆಯಿದ್ದರೆ

ಕಾಯಿ ಮಾಗಿದ ತಕ್ಷಣ ಬೀಜ ಬಿಡಿಸಿ, ಒಣಗಲು ಬಿಡದೆ ಬಿತ್ತಿ. ಮೊದಲ ಚಳಿಗಾಲ ಕಳೆದ ಮೇಲೆ ಬೇರಷ್ಟೇ ಹೊರಡುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಎಷ್ಟೋ ಜನ ಆಗಲೇ ತಟ್ಟೆಯ ಮಣ್ಣನ್ನು ಸುಮ್ನೆ ಎಸೆದುಬಿಡುತ್ತಾರೆ. ಎರಡನೇ ಚಳಿಗಾಲ ದಾಟಿದ ಮೇಲೆ ಒಂದೇ ಒಂದು ಎಲೆ ಏಳುತ್ತದೆ. ಹೂವಿಗೆ ಏಳು ವರ್ಷವೋ ಅದಕ್ಕಿಂತ ಜಾಸ್ತಿಯೋ ಹಿಡಿಯುತ್ತದೆ. ತಟ್ಟೆಯ ಮೇಲೆ ಬಿತ್ತಿದ ವರ್ಷ ಬರೆದಿಡಿ.

ಬಿತ್ತುವ ಕೆಲಸವನ್ನು ಇರುವೆಗಳೂ ಮಾಡುತ್ತವೆ. ಬೀಜಕ್ಕೆ ಅಂಟಿರುವ ಕೊಬ್ಬಿನ ತುಣುಕಿನ ಆಸೆಗೆ ಹೊತ್ತೊಯ್ದು, ಅದನ್ನು ತಿಂದು ಬೀಜ ಬಿಡುತ್ತವೆ. ಹಾಗಾಗಿ ಗಿಡದಿಂದ ಎಷ್ಟೋ ದೂರದಲ್ಲಿ, ತರಗೆಲೆ ನಡುವೆ ಒಂಟಿ ಎಲೆಯೊಂದು ಕಂಡರೆ ಕಳೆಯೆಂದು ಕೀಳಬೇಡಿ.