ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ

ಲಿವರ್ ಕಸಿ ವಿಭಾಗದಲ್ಲಿ ನಾನು ಕೋಆರ್ಡಿನೇಟರ್. ಮೊದಲು ನರ್ಸ್ ಆಗಿದ್ದೆ, ಈಗಲೂ ಎಲ್ಲರಿಗೂ ಸಿಸ್ಟರೇ. ಆಪರೇಷನ್ ಸರ್ಜನ್ ಮಾಡುತ್ತಾರೆ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ, ಆಮೇಲೆ ವರ್ಷಗಟ್ಟಲೆ ಫೋನ್ ಮಾಡಿ ಕಾಡುವವಳು ನಾನು. ಕಂಪ್ಯೂಟರಿನಲ್ಲಿ ಎಲ್ಲ ಇದ್ದರೂ ಲಿವರ್ ಕ್ಯಾನ್ಸರಿನವರಿಗೆ ಉದ್ದ ಪುಸ್ತಕದಲ್ಲಿ ತಲಾ ಒಂದು ಪುಟ ಇಟ್ಟಿದ್ದೇನೆ. ತಾರೀಖು, ಎಎಫ್‌ಪಿ (ಈ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್), ಗಡ್ಡೆಯ ಅಳತೆ, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್, ಇಷ್ಟೇ.

ಆ ಪುಟವನ್ನು ಹೇಗೆ ಬರೆಯಬೇಕು ಅಂತ ಕಲಿತದ್ದು ಒಬ್ಬ ಅಡಿಕೆ ತೋಟದ ಯಜಮಾನರ ಕೇಸಿನಲ್ಲಿ. ಹೆಪಟೈಟಿಸ್ ಬಿ ಇಂದ ಲಿವರ್ ಗಟ್ಟಿಯಾಗಿತ್ತು, ಅದರಲ್ಲಿ 3.8 ಸೆಂ.ಮೀ.ನ ಒಂದು ಗಡ್ಡೆ. ಕಸಿ ಮಾಡಬೇಕಾದರೆ ಗಡ್ಡೆ ಒಂದೇ ಆದರೆ 5 ಸೆಂ.ಮೀ. ಮೀರಬಾರದು, ಮೂರರವರೆಗೆ ಇದ್ದರೆ ಒಂದೊಂದೂ 3 ಸೆಂ.ಮೀ. ಮೀರಬಾರದು, ದೊಡ್ಡ ರಕ್ತನಾಳಕ್ಕೆ ನುಗ್ಗಿರಬಾರದು, ಲಿವರ್ ಬಿಟ್ಟು ಹೊರಗೆ ಹೋಗಿರಬಾರದು. 1996ರಲ್ಲಿ ಇಟಲಿಯ ಮಿಲಾನ್ ವೈದ್ಯರು ಎಳೆದ ಗೆರೆ ಇದು. ಇವರು ಅದರ ಒಳಗಿದ್ದರು. ಆದರೆ ಮನೆಯವರೇ ಲಿವರಿನ ಭಾಗ ಕೊಡೋಣವೆಂದರೆ ಹೆಂಡತಿಯ ಬ್ಲಡ್ ಗ್ರೂಪ್ ಹೊಂದಲಿಲ್ಲ, ಮಗನಿಗೆ ಫ್ಯಾಟಿ ಲಿವರ್. ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಲು ಕೂತೆವು. ನಾವು ಕಾಯುತ್ತೇವೆ, ಗಡ್ಡೆ ಕಾಯಲ್ಲ ಅಲ್ವಾ? ಅದಕ್ಕೇ ಟೇಸ್ ಮಾಡಿಸಿದೆವು. ಅಂದರೆ ಗಡ್ಡೆಗೆ ಹೋಗುವ ರಕ್ತನಾಳಕ್ಕೇ ಔಷಧಿ ಬಿಟ್ಟು, ಅದನ್ನು ಮುಚ್ಚುವುದು. ಮೂರು ತಿಂಗಳಿಗೊಮ್ಮೆ ಸ್ಕ್ಯಾನು, ಎಎಫ್‌ಪಿ.

ತಪ್ಪಾದದ್ದು ಇಲ್ಲೇ. ಹಿಂದಿನ ಸಲ ಎಎಫ್‌ಪಿ 33 ಇತ್ತು. ಈ ಸಲ ಬೇರೆ ಲ್ಯಾಬಿನಿಂದ 40 ಅಂತ ಬಂತು. ನಾನು ಹಿಂದೆಮುಂದೆ ನೋಡದೆ ಅವರ ಹೆಂಡತಿಗೆ ಫೋನ್ ಮಾಡಿ, "ಸ್ವಲ್ಪ ಏರಿದೆ ಅಮ್ಮ, ಬೇಗ ಬನ್ನಿ" ಅಂದುಬಿಟ್ಟೆ. ರಾತ್ರಿ ಬಸ್ಸಿಗೆ ಬಂದರು, ಮುಖ ಬಾಡಿಹೋಗಿತ್ತು. ಡಾಕ್ಟರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ಮೂಲೆಯ ಸಣ್ಣ ಅಕ್ಷರ ತೋರಿಸಿದರು. ಮೊದಲಿನದು ಇಂಟರ್‌ನ್ಯಾಷನಲ್ ಯೂನಿಟ್ ಲೆಕ್ಕ, ಎರಡನೆಯದು ನ್ಯಾನೋಗ್ರಾಂ. ಒಂದು ಯೂನಿಟ್ ಅಂದರೆ ಸುಮಾರು 1.2 ನ್ಯಾನೋಗ್ರಾಂ. ಆ 33ಕ್ಕೂ ಈ 40ಕ್ಕೂ ವ್ಯತ್ಯಾಸವೇ ಇಲ್ಲ! ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಜಮಾನರೇ ಸಮಾಧಾನ ಹೇಳಿದರು: "ಹಸಿ ಅಡಿಕೆ ತೂಕ, ಒಣ ಅಡಿಕೆ ತೂಕ ಒಂದೇ ಪುಸ್ತಕದಲ್ಲಿ ಬರೆದಂಗಾಯ್ತು ಬಿಡಿ ಸಿಸ್ಟರ್." ಅವತ್ತೇ ಪುಟದಲ್ಲಿ ಇನ್ನೆರಡು ಕಾಲಂ ಗೆರೆ ಹಾಕಿದೆ: ಯೂನಿಟ್, ಲ್ಯಾಬಿನ ಹೆಸರು.

ಸ್ಕ್ಯಾನಿನ ಚೀಟಿಯಲ್ಲಿ ಕೆಂಪು ಪೆನ್ನಿನಲ್ಲಿ 'ಟ್ರಿಪಲ್ ಫೇಸ್' ಅಂತ ಬರೆಯುತ್ತೇನೆ, ಅಂದರೆ ಡೈ ಕೊಟ್ಟು ಮೂರು ಬೇರೆ ಬೇರೆ ಹೊತ್ತಿನಲ್ಲಿ ಚಿತ್ರ ತೆಗೆಯಬೇಕು. ಈ ಕ್ಯಾನ್ಸರಿಗೆ ರಕ್ತ ಹೆಚ್ಚಾಗಿ ಅಪಧಮನಿಯಿಂದ ಬರುತ್ತದೆ. ಹಾಗಾಗಿ ಡೈ ಕೊಟ್ಟಾಗ ಗಡ್ಡೆ ಮೊದಲು ಹೊಳೆದು, ಆಮೇಲೆ ಸುತ್ತಲಿನ ಲಿವರಿಗಿಂತ ಮಂಕಾಗುತ್ತದೆ. ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರದಲ್ಲಿ ಇದು ತಿಳಿಯಲ್ಲ. ಟೇಸ್ ಆದ ಮೇಲೆ ಇಡೀ ಗಡ್ಡೆ ಅಳೆಯುವುದಿಲ್ಲ, ಇನ್ನೂ ಹೊಳೆಯುವ ಭಾಗವನ್ನು ಮಾತ್ರ. ಇವರದ್ದು 1.5 ಸೆಂ.ಮೀ.ಗೆ ಇಳಿದಿತ್ತು.

ಎಂಟನೇ ತಿಂಗಳಲ್ಲಿ ಲಿವರ್ ಸಿಕ್ಕಿತು. ಆಪರೇಷನ್ ಚೆನ್ನಾಗಿ ಆಯಿತು ಅಂತ ಮನೆಯವರು ಖುಷಿಪಟ್ಟರು. ನಾನು ಕಾಯುತ್ತಿದ್ದದ್ದು ತೆಗೆದ ಹಳೇ ಲಿವರಿನ ಪೆಥಾಲಜಿ ರಿಪೋರ್ಟಿಗೆ. ಸ್ಕ್ಯಾನಿಗೆ ಕಾಣದ್ದು ಅಲ್ಲಿ ಕಾಣುತ್ತದೆ. ಸಣ್ಣ ರಕ್ತನಾಳಗಳ ಒಳಗೆ ಕ್ಯಾನ್ಸರ್ ಕಣಗಳಿದ್ದವು. ಅಂದರೆ ಮರಳಿ ಬರುವ ಭಯ ಜಾಸ್ತಿ. ಬಂದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲೇ, ಅದೂ ಶ್ವಾಸಕೋಶಕ್ಕೋ ಮೂಳೆಗೋ ಹೊಸ ಲಿವರಿಗೋ. ಹಾಗಾಗಿ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಎದೆಯನ್ನೂ ಸೇರಿಸಿ ಸ್ಕ್ಯಾನ್ ಮಾಡಿಸಿದೆವು. ಹೆಪಟೈಟಿಸ್ ಬಿ ಮಾತ್ರೆಯನ್ನೂ ನಿಲ್ಲಿಸಲಿಲ್ಲ.

ಟ್ಯಾಕ್ರೋಲಿಮಸ್‌ದು ಬೇರೆಯದೇ ತಲೆನೋವು. ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ತಡೆಯುವ ಮಾತ್ರೆ ಇದು. ಕಡಿಮೆಯಾದರೆ ಲಿವರಿಗೆ ಕಷ್ಟ. ಜಾಸ್ತಿಯಾದರೆ ಕಿಡ್ನಿಗೆ ಏಟು, ಕ್ಯಾನ್ಸರಿಗೂ ದಾರಿ ಸಲೀಸು. ಅದರ ಮಟ್ಟ ನೋಡಲು ರಕ್ತ ಕೊಡಬೇಕಾದ್ದು ಬೆಳಗಿನ ಮಾತ್ರೆಗೆ ಮುಂಚೆ. ಒಮ್ಮೆ ಇವರದ್ದು 17 ಬಂತು, ಅದಕ್ಕೆ ಹಿಂದೆ 6 ಇತ್ತು. ಈ ಸಲ ನಾನು ಗಾಬರಿಯಾಗಲಿಲ್ಲ. "ಮಾತ್ರೆ ತಗೊಂಡು ಬಂದ್ರಾ?" ಅಂದೆ. "ದಿನಾ ಎಂಟಕ್ಕೆ ತಗೊಳ್ಳಿ ಅಂತ ನೀವೇ ಹೇಳಿದ್ರಲ್ಲ!" ಮಾರನೇ ದಿನ ಮತ್ತೆ ತೆಗೆಸಿದರೆ 6.5.

ಎರಡು ವರ್ಷದ ಸ್ಕ್ಯಾನ್ ಸ್ವಚ್ಛವಾಗಿ ಬಂದ ದಿನ ಯಜಮಾನರು ದಾರಿಯಲ್ಲಿ ಕೊಂಡ ದೇವನಹಳ್ಳಿ ಚಕ್ಕೋತ ತಂದಿದ್ದರು. ಚಕ್ಕೋತ ತಿಂದರೆ ರಕ್ತದಲ್ಲಿ ಈ ಮಾತ್ರೆಯ ಮಟ್ಟ ಏರಬಹುದು, ಹಾಗಾಗಿ ಅವರಿಗೆ ಅದು ನಿಷಿದ್ಧ. "ನೀವು ತಿಂದಿಲ್ಲ ತಾನೇ?" ಅಂತ ಎರಡು ಸಲ ಕೇಳಿ, ಆಮೇಲೆ ನರ್ಸ್ ರೂಮಿನಲ್ಲಿ ಸುಲಿದೆವು.